ಬಸ್ಯಾನ ಬಲ ಹಿಮ್ಮಡಿ

ಕೆಂಪು ಬಾಳೆಹಣ್ಣಿನ ವಾಸನೆ ಬಂದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಹಣ್ಣಿನ ತಪ್ಪೇನೂ ಇಲ್ಲ. ಬಾಯಲ್ಲಿಟ್ಟರೆ ಬೆಣ್ಣೆಯ ಹಾಗೆ ಕರಗುತ್ತದೆ, ಎರಡು ತಿಂದರೆ ಮಧ್ಯಾಹ್ನದ ಊಟ ತಡವಾದರೂ ನಡೆಯುತ್ತದೆ. ಆದರೆ ಜಗತ್ ಸರ್ಕಲ್ಲಿನ ತಳ್ಳುಗಾಡಿಯವನು ಗೋಣಿತಟ್ಟು ಸರಿಸಿ ‘ಕಮಲಾಪುರದ ಮಾಲು’ ಎಂದು ತೋರಿಸಿದ ಕೂಡಲೇ ನನ್ನ ಮೂಗಿಗೆ ಹಣ್ಣಿನ ಜೊತೆಗೇ ಬೆವರು ಕುಡಿದ ಹೆಲ್ಮೆಟ್ಟು, ಒಣಹುಲ್ಲು, ನಿಂಬೆಹಣ್ಣು ಎಲ್ಲವೂ ಬರುತ್ತವೆ. ಅವುಗಳ ಹಿಂದೆ ಬಸವರಾಜನ ಮುಖ ಬರುತ್ತದೆ. ಅವನ ಮುಖಕ್ಕಿಂತ ಮೊದಲು ಅವನ ಬಲಗಾಲಿನ ಹಿಮ್ಮಡಿ ಬರುತ್ತದೆ ಎಂದರೂ ಸರಿಯೇ.

ಕಳೆದ ತಿಂಗಳು ಪರೀಕ್ಷೆಯ ಕೆಲಸಕ್ಕೆಂದು ನನ್ನನ್ನು ಕಮಲಾಪುರಕ್ಕೆ ಹಾಕಿದ್ದರು. ನಾನು ಪಿಯು ಕಾಲೇಜಿನಲ್ಲಿ ಇತಿಹಾಸ ಹೇಳುವವನು. ಹನ್ನೆರಡು ವರ್ಷದಲ್ಲಿ ಆ ಊರಿನ ಮೇಲೆ ಹಾದು ಹುಮನಾಬಾದಿಗೆ, ಬೀದರಿಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ, ಇಳಿದದ್ದು ಮಾತ್ರ ಇರಲಿಲ್ಲ. ಈ ಸಲ ಇಳಿಯಲೇಬೇಕಾಯಿತು. ಬಸ್ಸಿನಿಂದ ಕಾಲು ಕೆಳಗಿಟ್ಟೆ, ಎದುರಿನ ಅಂಗಡಿಯಲ್ಲಿ ಗೊನೆಗಳು ತೂಗುತ್ತಿದ್ದವು, ಅದೇ ವಾಸನೆ. ಮೂರು ದಿನ ಪರೀಕ್ಷೆ ನಡೆಸಿದೆ. ಮೂರು ದಿನವೂ, ಬಸ್ಯಾನ ಮನೆಗೆ ಹೋಗಲೋ ಬೇಡವೋ ಎಂದು ನನ್ನ ಪರೀಕ್ಷೆ ಬೇರೆಯೇ ನಡೆದಿತ್ತು.

ಹನ್ನೆರಡು ವರ್ಷದ ಹಿಂದಿನ ಮಾತು. ಆಗ ನಾವು ಕಲಬುರಗಿಯಲ್ಲಿ ಬಿ.ಎ. ಎರಡನೆಯ ವರ್ಷದಲ್ಲಿದ್ದೆವು. ದೀಪಾವಳಿ ಮುಗಿದ ವಾರ ನಮ್ಮ ದೈಹಿಕ ಶಿಕ್ಷಣದ ಮಠಪತಿ ಸರ್ ಹೈದರಾಬಾದಿನಲ್ಲಿ ಯಾವುದೋ ತರಬೇತಿ ಮುಗಿಸಿ, ಒಂದು ಚೂಪು ಮೂತಿಯ ಚೆಂಡು ಮತ್ತು ಎರಡು ಗೋಣಿಚೀಲದ ತುಂಬ ಹಳೆಯ ಹೆಲ್ಮೆಟ್ಟು ಹೊತ್ತುಕೊಂಡು ಬಂದರು. ಅಮೆರಿಕನ್ ಫುಟ್‌ಬಾಲ್ ಎಂದರು. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟಕ್ಕೆ ಫುಟ್‌ಬಾಲ್ ಎಂದು ಯಾಕೆ ಹೆಸರು ಎಂದು ಕೇಳಿದವನಿಗೆ ಮೈದಾನದ ಸುತ್ತ ಎರಡು ಸುತ್ತು ಓಡುವ ಶಿಕ್ಷೆಯಾಯಿತು. ಕೇಳಿದವನು ನಾನೇ.

ಓಡಲು ಬರುವವರನ್ನೆಲ್ಲ ಆರಿಸಿದ ಮೇಲೆ ಸರ್ ಓಡಲು ಬಾರದ ಐವರನ್ನು ಬೇರೆ ನಿಲ್ಲಿಸಿದರು. ನಾನು ತೊಂಬತ್ತು ಕೆಜಿ ಇದ್ದೆ. ಶಾಲೆಯಿಂದ ಹಿಡಿದು ಎಲ್ಲ ಆಟದಲ್ಲೂ ಕೊನೆಗೆ ಉಳಿಯುತ್ತಿದ್ದವನನ್ನು ಮೊದಲ ಸಲ ಒಬ್ಬರು ಮೈ ನೋಡಿ ಬೇಕು ಎಂದಿದ್ದರು. ಅವತ್ತು ಶಹಾಬಜಾರದ ನಮ್ಮ ಓಣಿಯಲ್ಲಿ ಎದೆ ಉಬ್ಬಿಸಿಕೊಂಡೇ ನಡೆದು ಮನೆಗೆ ಹೋದೆ. ಆ ಓಣಿಯ ಅಗಲಕ್ಕೆ ನನ್ನಂಥವನು ಎದೆ ಉಬ್ಬಿಸಿದರೆ ಎದುರು ಬರುವವರು ಗೋಡೆಗೆ ಒರಗಬೇಕು.

ನಮ್ಮ ಐವರ ಕೆಲಸ ಕೇಳಲು ಸುಲಭ. ಸಾಲಾಗಿ ಬಗ್ಗಿ, ಒಂದು ಕೈ ನೆಲಕ್ಕೂರಿ ನಿಲ್ಲಬೇಕು. ನಡುವಿನವನು ಸೆಂಟರ್, ಅವನ ಎಡಬಲಕ್ಕೆ ಇಬ್ಬರು ಗಾರ್ಡ್‌ಗಳು, ಅವರ ಆಚೆ ಇನ್ನಿಬ್ಬರು. ಸೆಂಟರ್ ನೆಲದ ಮೇಲಿನ ಚೆಂಡನ್ನು ತನ್ನ ಕಾಲುಗಳ ನಡುವಿನಿಂದ ಹಿಂದಿರುವವನಿಗೆ ಕೊಡುತ್ತಾನೆ. ಅದಕ್ಕೆ ಸ್ನ್ಯಾಪ್ ಎನ್ನುತ್ತಾರೆ. ಕೊಟ್ಟ ಕ್ಷಣದಲ್ಲಿ ನಾವು ಎದುರಿನವರ ಮೇಲೆ ಬಿದ್ದು ಅವರನ್ನು ತಡೆಯಬೇಕು. ಕೊಡುವ ಮೊದಲು ಐವರಲ್ಲಿ ಯಾರ ಹೆಗಲು ಅಲುಗಿದರೂ ಸೀಟಿ, ಐದು ಗಜ ಹಿಂದಕ್ಕೆ. ಹಿಂದೆ ನಿಂತವನು ಎಣಿಸುತ್ತಾನೆ. ಎಷ್ಟನೆಯ ಎಣಿಕೆಗೆ ಚೆಂಡು ಹೋಗುತ್ತದೆ ಎಂದು ನಮ್ಮೊಳಗೆ ಮೊದಲೇ ಗುಟ್ಟಾಗಿ ಮಾತಾಗಿರುತ್ತದೆ. ನಮಗೆ ಗೊತ್ತು, ಎದುರಿನವರಿಗೆ ಗೊತ್ತಿಲ್ಲ. ಆ ಅರೆಗಳಿಗೆಯ ತಿಳಿವಳಿಕೆಯೇ ನಮ್ಮಂಥ ದಪ್ಪನೆಯವರಿಗೆ ಸಿಗುವ ಏಕೈಕ ಲಾಭ ಎಂದು ಸರ್ ಹೇಳುತ್ತಿದ್ದರು.

ಸರ್ ಕೊಟ್ಟ ನಿಯಮದ ಪುಸ್ತಕವನ್ನು ಒಂದೇ ವಾರದಲ್ಲಿ ಓದಿ ಮುಗಿಸಿದವನು ನಾನು. ಉಳಿದವರಿಗೆ ಬಿಡಿಸಿ ಹೇಳಿದವನೂ ನಾನು. ಮನೆಯ ಮಾಳಿಗೆಯ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಸ್ನ್ಯಾಪ್ ಅಭ್ಯಾಸ ಮಾಡುತ್ತಿದ್ದೆ. ಒಂದು ದಿನ ಕಾಯಿ ಕೈತಪ್ಪಿ ಪಕ್ಕದ ಮನೆಯ ಅಂಗಳಕ್ಕೆ ಬಿದ್ದು, ಆಯಿ, ಎಂದರೆ ನನ್ನ ಅಮ್ಮ, ಹೋಗಿ ಕ್ಷಮೆ ಕೇಳಿ ಬಂದಿದ್ದಳು. ಹೀಗಾಗಿ ಸೆಂಟರ್ ನಾನೇ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಸರ್ ಬಸವರಾಜನ ಹೆಸರು ಹೇಳಿದರು.

ಬಸವರಾಜ ಕಮಲಾಪುರದಿಂದ ದಿನಾ ಬೆಳಿಗ್ಗೆ ಬಸ್ಸಿಗೆ ಬರುತ್ತಿದ್ದ ಹುಡುಗ. ಬಾಳೆತೋಟದವರು. ಮೈ ನನ್ನಷ್ಟೇ, ಆದರೆ ನನ್ನದು ಕೂತು ಬೆಳೆದ ಮೈ, ಅವನದು ಗೊನೆ ಹೊತ್ತು ಬೆಳೆದದ್ದು. ಮಾತು ಬಹಳ ಕಡಿಮೆ. ಕೇಳಿದ್ದಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಉತ್ತರ ಕೊಡುತ್ತಿದ್ದ. ಅವನಿಗೆ ನಿಯಮದ ಪುಸ್ತಕದ ಹೊದಿಕೆಯ ಬಣ್ಣವೂ ಗೊತ್ತಿರಲಿಲ್ಲ. ಅವನನ್ನು ಆರಿಸಿದ್ದು ಒಂದು ನಿಂಬೆಹಣ್ಣಿನಿಂದ.

ಸರ್ ಐವರನ್ನೂ ಬಗ್ಗಿಸಿ ನಿಲ್ಲಿಸಿ, ಒಬ್ಬೊಬ್ಬರ ಸೊಂಟದ ಮೇಲೆ ಒಂದೊಂದು ನಿಂಬೆಹಣ್ಣು ಇಟ್ಟರು. ಆಮೇಲೆ ಹಿಂದೆ ನಿಂತು ಚಪ್ಪಾಳೆ ಹೊಡೆದರು, ಸೀಟಿ ಊದಿದರು, ಸುಮ್ಮಸುಮ್ಮನೆ ನನ್ನ ಹೆಸರು ಕೂಗಿದರು. ನನ್ನ ಹಣ್ಣು ಮೊದಲ ಚಪ್ಪಾಳೆಗೇ ಉರುಳಿತು. ಎರಡನೆಯ ಸಲ ಸರ್ ಬಾಯಿ ತೆರೆದದ್ದಕ್ಕೇ ಉರುಳಿತು. ಉಳಿದ ಮೂವರದೂ ಬಿದ್ದವು. ಬಸ್ಯಾನ ಮೂಗಿನ ಮೇಲೆ ಒಂದು ನೊಣ ಕೂತು, ತುಟಿಯ ತನಕ ನಡೆದು, ಮತ್ತೆ ಮೂಗಿಗೆ ಹತ್ತಿತು. ಅವನ ಸೊಂಟದ ನಿಂಬೆಹಣ್ಣು ದೇವರ ಮುಂದೆ ಇಟ್ಟ ಹಾಗೆ ಇತ್ತು. ಆ ನೊಣವನ್ನು ನೋಡುತ್ತಾ ನನಗೆ ಆದ ಸಂಕಟ ಇಷ್ಟಿಷ್ಟಲ್ಲ. ಅದಾದರೂ ಅವನಿಗೆ ಸೀನು ಬರಿಸಬಾರದಿತ್ತೇ ಎಂದುಕೊಂಡೆ.

‘ಸೀನ್ಯಾ, ನಿನಗ ತಲಿ ಅದ, ತಡಿಯೂದು ಇಲ್ಲ,’ ಎಂದರು ಸರ್ ನನಗೆ. ‘ನೀ ಬಸ್ಯಾನ ಬಾಜು ನಿಂದ್ರು. ಬಲ ಗಾರ್ಡ್.’

ಅವರು ಹೇಳಿದ್ದು ಸುಳ್ಳಲ್ಲ. ನಮ್ಮ ಮನೆಯಲ್ಲಿ ಮಾತು ಮುಗಿಯುವ ಮೊದಲೇ ಉತ್ತರ ಕೊಟ್ಟವನಿಗೆ ಜಾಣ ಎಂದು ಹೆಸರು. ಅಪ್ಪ ಕನ್ನಡದಲ್ಲಿ ಪ್ರಶ್ನೆ ಆರಂಭಿಸಿದರೆ ಅಜ್ಜಿ ಮರಾಠಿಯಲ್ಲಿ ಮುಗಿಸುವಷ್ಟರಲ್ಲಿ ನಾನು ಯಾವುದೋ ಒಂದು ಭಾಷೆಯಲ್ಲಿ ಉತ್ತರ ಹೇಳಿ ಶಾಭಾಸ್ ಎನ್ನಿಸಿಕೊಂಡಿರುತ್ತಿದ್ದೆ. ಇಪ್ಪತ್ತು ವರ್ಷ ಮೆಚ್ಚಿಸಿಕೊಂಡ ಗುಣವೇ ಈ ಆಟದಲ್ಲಿ ರೋಗ ಎಂದಾಗ ನಾನಾದರೂ ಎಲ್ಲಿಗೆ ಹೋಗಲಿ?

ಇದಾದ ಮೇಲೆ ಎಣಿಕೆಯ ವಿಷಯ ಬಂತು. ಚೆಂಡು ಹಿಡಿದು ಆಟ ನಡೆಸುವ ಇರ್ಫಾನ್ ಇಂಗ್ಲಿಷಿನಲ್ಲಿ ಕೂಗಿದರೆ ನಮ್ಮ ಕಾಲುಗಳಿಗೆ ಅದು ಅರ್ಥವಾಗುತ್ತಿರಲಿಲ್ಲ. ನಾನು ರಾತ್ರಿಯಿಡೀ ಯೋಚಿಸಿ ಬಹಮನಿ ಸುಲ್ತಾನರ ಹೆಸರಿನಲ್ಲಿ ಒಂದು ಸಂಕೇತ ಮಾಡಿಕೊಂಡು ಹೋಗಿದ್ದೆ. ಹೇಳಿದೆ, ಎಲ್ಲರೂ ನಕ್ಕರು. ಸುಲ್ತಾನರ ಕೋಟೆಯೊಳಗೇ ಹೋಗಿ ಆಡು ಎಂದ ಇರ್ಫಾನ್. ಸರ್ ಬಸ್ಯಾನನ್ನು ನೋಡಿ, ನೀನು ಎಣಿಸಿ ತೋರಿಸು, ನಿನಗೆ ಯಾವುದು ಹಗುರವೋ ಅದೇ ಇರಲಿ ಎಂದರು. ಅವನು ಚೆಂಡಿನ ಮೇಲೆ ಕೈಯಿಟ್ಟು, ತೋಟದಲ್ಲಿ ಎಣಿಸುವ ಹಾಗೆ, ‘ಲಾಭ, ಎರಡು, ಮೂರು’ ಎಂದ.

ನಮ್ಮ ಕಡೆ ಧಾನ್ಯ ಅಳೆಯುವವರು, ಕಾಯಿ ಎಣಿಸುವವರು ಒಂದು ಎನ್ನುವುದಿಲ್ಲ. ಮೊದಲ ಸೇರಿಗೆ ಲಾಭ ಎಂದು ಹೇಳಿ, ಅಲ್ಲಿಂದ ಎರಡು ಎಂದು ಮುಂದುವರಿಯುತ್ತಾರೆ. ಶುಭವಾಗಲಿ ಎಂದು ನಡೆದು ಬಂದ ರೂಢಿ. ಸರ್ ಕುಣಿದಾಡುವುದೊಂದು ಬಾಕಿ. ಈ ಎಣಿಕೆ ಎಲ್ಲಿ ಶುರುವಾಗುತ್ತದೆ ಎಂದು ಎದುರಿನವರಿಗೆ ತಿಳಿಯುವಷ್ಟರಲ್ಲಿ ಆಟ ಅರ್ಧ ಮುಗಿದಿರುತ್ತದೆ ಎಂದರು. ಅಂದಿನಿಂದ ನಮ್ಮ ತಂಡದ ಎಣಿಕೆ ಅದೇ ಆಯಿತು. ನನ್ನ ಅಜ್ಜಿಯೂ ಜೋಳ ಅಳೆಯುವಾಗ ಲಾಭ ಎಂದೇ ಆರಂಭಿಸುತ್ತಿದ್ದಳು. ಹುಟ್ಟಿದಾಗಿನಿಂದ ಅದನ್ನು ಕೇಳಿ ಬೆಳೆದ ನನಗೆ ಸುಲ್ತಾನರು ಹೊಳೆದರು, ಲಾಭ ಹೊಳೆಯಲಿಲ್ಲ. ಆ ಸಿಟ್ಟನ್ನು ಯಾರ ಮೇಲೆ ತೀರಿಸುವುದು? ಎರಡು ದಿನ ಅಜ್ಜಿಯ ಜೊತೆ ಸರಿಯಾಗಿ ಮಾತಾಡಲಿಲ್ಲ.

ಡಿಸೆಂಬರ್ ತನಕ ನನ್ನ ಸ್ಥಿತಿ ಹೀಗೇ ಇತ್ತು. ಬೆಳಗಿನ ಚಳಿಯಲ್ಲಿ ಮೈದಾನದ ಹುಲ್ಲು ಒದ್ದೆಯಾಗಿರುತ್ತಿತ್ತು, ಊರಿದ ಬೆರಳು ಮರಗಟ್ಟುತ್ತಿದ್ದವು. ಮೂರನೆಯ ಎಣಿಕೆಗೆ ಚೆಂಡು ಎಂದು ಮಾತಾಗಿದ್ದರೆ ನಾನು ಎರಡಕ್ಕೇ ನುಗ್ಗುತ್ತಿದ್ದೆ. ಎರಡಕ್ಕೆ ಎಂದರೆ ಲಾಭಕ್ಕೇ ನುಗ್ಗುತ್ತಿದ್ದೆ. ಪ್ರತಿ ಸಲ ಐವರೂ ಹತ್ತು ದಂಡ ಹೊಡೆಯಬೇಕು. ಉಳಿದವರು ಬೈಯುತ್ತಿದ್ದರು, ಬಸ್ಯಾ ಮಾತ್ರ ಸುಮ್ಮನೆ ದಂಡ ಹೊಡೆದು ಕೈ ಒರೆಸಿಕೊಂಡು ಮತ್ತೆ ಚೆಂಡಿನ ಹತ್ತಿರ ಬಗ್ಗುತ್ತಿದ್ದ. ಅವನು ಒಂದು ಸಲವಾದರೂ ಬೈದಿದ್ದರೆ ನನಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು.

ಎಳ್ಳಮಾವಾಸ್ಯೆ ಹತ್ತಿರ ಬಂದಾಗ ಸರ್ ಐದು ದಿನದ ಶಿಬಿರವನ್ನು ಕಮಲಾಪುರದಲ್ಲಿ ಇಟ್ಟರು. ಅಲ್ಲಿನ ಶಾಲೆಯ ಮೈದಾನ, ಬಸ್ಯಾನ ಮನೆಯ ಊಟ. ಬೆಳೆಗೆ ಪೂಜೆ ಮಾಡಿ ಹೊಲದಲ್ಲೇ ಉಣ್ಣುವ ಹಬ್ಬ ಅದು, ಅಮಾವಾಸ್ಯೆಯ ದಿನ ಅವರ ಹೊಲದಲ್ಲಿ ನಮ್ಮೆಲ್ಲರ ಪಂಕ್ತಿ. ಹಿಂಗಾರಿ ಜೋಳ ತೆನೆ ಬಿಚ್ಚಿ ನಿಂತಿತ್ತು. ಸಜ್ಜೆ ರೊಟ್ಟಿ, ಹತ್ತಾರು ಕಾಳು ಸೊಪ್ಪು ಹಾಕಿ ಕುದಿಸಿದ ಭಜ್ಜಿ ಪಲ್ಯ, ಅಂಬಲಿ, ಕೊನೆಗೆ ಅವರದೇ ತೋಟದ ಕೆಂಪು ಬಾಳೆ. ಬಸ್ಯಾನ ಅವ್ವ ನನ್ನ ಎಲೆಯ ಮುಂದೆ ನಿಂತು, ಇಷ್ಟು ಮೈ ಇಟ್ಟುಕೊಂಡು ಇಷ್ಟೇ ಉಂಡರೆ ಹೇಗಪ್ಪಾ ಎಂದು ಮತ್ತೆ ಮತ್ತೆ ಬಡಿಸಿದರು. ಇಡೀ ತಂಡ ಅವನ ಸುತ್ತ ಕೂತಿತ್ತು. ಹೊಲ ಅವನದು, ತೋಟ ಅವನದು, ಚೆಂಡು ಅವನ ಕೈಯಲ್ಲಿ, ಎಣಿಕೆ ಅವನದು. ಅವನ ಅವ್ವನಿಗೆ ನಾನೂ ಅವ್ವಾರೆ ಎನ್ನುತ್ತಾ ಅವನ ಅನ್ನ ಉಂಡೆ, ಉಣ್ಣುತ್ತಲೇ ಉರಿದುಕೊಂಡೆ.

ಊಟದ ಎಲೆ ಎತ್ತಿದ ಮೇಲೆ, ನೆರಳಿನಲ್ಲಿ ಕೂತು ಬಸ್ಯಾ ನನಗೊಂದು ಮಾತು ಹೇಳಿದ. ಫೆಬ್ರುವರಿಯ ಮ್ಯಾಚಿಗೆ ಆರಿಸುವವರೊಬ್ಬರು ಬರುತ್ತಾರಂತೆ, ನಮ್ಮ ಸಾಲಿನಿಂದ ಒಬ್ಬನನ್ನು ಬೆಳಗಾವಿಯ ರಾಜ್ಯ ಶಿಬಿರಕ್ಕೆ ಕರೆಯುತ್ತಾರಂತೆ. ಆ ಪತ್ರವಿದ್ದರೆ ದೈಹಿಕ ಶಿಕ್ಷಣದ ಕೋರ್ಸಿಗೆ ಸೀಟು ಸಿಗುವುದು ಸುಲಭ. ತಾನೂ ಮಠಪತಿ ಸರ್ ಹಾಗೆ ಆಗಬೇಕು ಎಂದ. ಅವನು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನನಗೆ ದೈಹಿಕ ಶಿಕ್ಷಣದ ಶಿಕ್ಷಕನಾಗುವ ಆಸೆ ಎಂದೂ ಇರಲಿಲ್ಲ. ಅವನ ಬಾಯಿಂದ ಕೇಳಿದ ಕ್ಷಣದಿಂದ ಆ ಪತ್ರ ನನಗೆ ಬೇಕೇ ಬೇಕು ಅನ್ನಿಸಿತು.

ಮರುದಿನ ಬೆಳಿಗ್ಗೆ ಆ ಹಿಮ್ಮಡಿ ನನಗೆ ಸಿಕ್ಕಿತು. ಅವನ ಬಲಕ್ಕೆ ಬಗ್ಗಿ ನಿಂತಿದ್ದೆ. ಎದುರು ನೋಡುವ ಬದಲು ಬೇಸರಕ್ಕೆ ಕೆಳಗೆ ನೋಡುತ್ತಿದ್ದೆ. ಚೆಂಡು ಕೊಡುವ ಮುಂಚೆ, ಕಣ್ಣು ಮಿಟುಕಿಸುವಷ್ಟು ಮುಂಚೆ, ಅವನ ಬಲ ಹಿಮ್ಮಡಿ ಬೆರಳಷ್ಟು ಮೇಲೆದ್ದಿತು. ಮತ್ತೊಮ್ಮೆ ನೋಡಿದೆ, ಮತ್ತೆ ಎದ್ದಿತು. ಸಂಜೆ ತೋಟದಲ್ಲಿ ಅವನು ಗೊನೆ ಹೆಗಲಿಗೆ ಏರಿಸುವಾಗ ಗಮನಿಸಿದೆ. ಭಾರ ಎತ್ತುವ ಮೊದಲು ಅಲ್ಲಿಯೂ ಅದೇ ಹಿಮ್ಮಡಿ ಏಳುತ್ತಿತ್ತು. ಅವನಿಗೇ ಗೊತ್ತಿಲ್ಲದ ಅವನ ಅಭ್ಯಾಸ.

ಅಂದಿನಿಂದ ನಾನು ಎಣಿಸುವುದನ್ನೇ ಬಿಟ್ಟೆ. ಲಾಭಕ್ಕೋ ಎರಡಕ್ಕೋ ಮೂರಕ್ಕೋ, ನನಗೇನು? ಹಿಮ್ಮಡಿ ಎದ್ದಿತು, ನಾನು ಎದ್ದೆ. ಒಂದು ಸಲವೂ ಮೊದಲಾಗಲಿಲ್ಲ, ಒಂದು ಸಲವೂ ತಡವಾಗಲಿಲ್ಲ. ಸರ್ ಬೆರಗಾದರು. ನನ್ನ ಸೊಂಟದ ಮೇಲೂ ನಿಂಬೆಹಣ್ಣು ನಿಲ್ಲತೊಡಗಿತು, ಯಾಕೆಂದರೆ ಸದ್ದಿಗೆ ಬೆದರುವ ಅಗತ್ಯವೇ ಉಳಿದಿರಲಿಲ್ಲ. ಶಿಬಿರದ ಕೊನೆಯ ದಿನ ಸರ್ ನನ್ನನ್ನು ಎಲ್ಲರೆದುರು ನಿಲ್ಲಿಸಿ, ಶಿಸ್ತು ಎಂದರೆ ಏನು ಎಂದು ಶ್ರೀನಿವಾಸನನ್ನು ನೋಡಿ ಕಲಿಯಿರಿ ಎಂದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವನು ಬಸ್ಯಾ.

ಅವನಿಗೆ ಹೇಳಬೇಕು ಎಂದು ಅನ್ನಿಸಲೇ ಇಲ್ಲವೇ ಎಂದು ನೀವು ಕೇಳಬಹುದು. ಅನ್ನಿಸಿತು. ಕಲಬುರಗಿಗೆ ವಾಪಸ್ಸು ಬರುವ ಬಸ್ಸಿನಲ್ಲಿ ಅವನ ಪಕ್ಕದಲ್ಲೇ ಕೂತಿದ್ದೆ, ನಾಲಿಗೆಯ ತುದಿಗೂ ಬಂದಿತ್ತು. ಹೇಳಿದರೆ ಅವನು ಎರಡು ದಿನದಲ್ಲಿ ಅದನ್ನು ತಿದ್ದಿಕೊಳ್ಳುತ್ತಾನೆ, ಅವನಿಗೆ ಆ ಶಕ್ತಿ ಇದೆ. ತಿದ್ದಿಕೊಂಡ ಮರುದಿನ ನಾನು ಮತ್ತೆ ಎರಡಕ್ಕೆ ನುಗ್ಗುವ ಸೀನ್ಯಾ ಆಗುತ್ತೇನೆ. ಮಾತಾಡುವುದಕ್ಕೆ ಎಂದೂ ತಡೆಯದ ನನ್ನ ಬಾಯಿ ಅಂದು ತಡೆಯಿತು.

ಫೆಬ್ರುವರಿಯ ಮ್ಯಾಚು ನಮ್ಮ ಮೈದಾನದಲ್ಲೇ ಇತ್ತು, ಎದುರಿಗೆ ಹೈದರಾಬಾದಿನ ಒಂದು ಕಾಲೇಜು. ಬಿಸಿಲು ಆಗಲೇ ಕಲಬುರಗಿಯ ಬಿಸಿಲಾಗಿತ್ತು. ಹೆಲ್ಮೆಟ್ಟಿನೊಳಗೆ ತಲೆ ಬೇಯುತ್ತಿತ್ತು. ನಮ್ಮ ಹುಡುಗರು ಅಭಿಮಾನಕ್ಕೆಂದು ಹಲಗೆಯ ಮೇಳವನ್ನೇ ಕರೆಸಿದ್ದರು. ಎದುರಿನವರನ್ನು ಹೆದರಿಸಲು ತಂದ ಹಲಗೆ ನಮಗೇ ಮುಳುವಾಯಿತು. ಆ ಬಡಿತದಲ್ಲಿ ಇರ್ಫಾನ್ ಕೂಗಿದ ಎಣಿಕೆ ಮೂರು ಮಾರು ದೂರದ ನಮಗೇ ಕೇಳುತ್ತಿರಲಿಲ್ಲ. ನಿಲ್ಲಿಸಿರೋ ಎಂದು ಸರ್ ಕೈಬೀಸಿದರೆ, ಹುರಿದುಂಬಿಸುತ್ತಿದ್ದಾರೆ ಎಂದು ತಿಳಿದು ಮೇಳದವರು ಇನ್ನೂ ಜೋರು ಮಾಡಿದರು.

ಇಂಥ ಹೊತ್ತಿಗೆಂದೇ ಸರ್ ಒಂದು ಉಪಾಯ ಕಲಿಸಿದ್ದರು. ನಾನು ಬಗ್ಗಿದಲ್ಲಿಂದಲೇ ಹಿಂದೆ ನೋಡಬೇಕು. ಇರ್ಫಾನ್ ಸಿದ್ಧನಾಗಿ ಕಾಲೆತ್ತಿದ ಕೂಡಲೇ ಬಸ್ಯಾನ ತೊಡೆ ತಟ್ಟಿ, ಎದುರಿಗೆ ತಿರುಗಬೇಕು. ತಟ್ಟಿದ ಮೇಲೆ ಬಸ್ಯಾ ಮನಸ್ಸಿನಲ್ಲೇ ಲಾಭ, ಎರಡು ಎಂದು ಎಣಿಸಿ ಚೆಂಡು ಕೊಡುತ್ತಾನೆ, ಅವನ ಜೊತೆ ನಾವೂ ಮನಸ್ಸಿನಲ್ಲೇ ಎಣಿಸುತ್ತೇವೆ. ಎದುರಿನವರ ಕಿವಿಗೆ ಏನೂ ಇಲ್ಲ. ಆದರೆ ಕಿವಿಗೆ ಕೆಲಸವಿಲ್ಲದಾಗ ಕಣ್ಣು ಹುಡುಕತೊಡಗುತ್ತದೆ. ಬಸ್ಯಾನ ಎದುರು ನಿಂತಿದ್ದ ಗಿಡ್ಡನೆಯ, ಗಟ್ಟಿ ಹುಡುಗ ಮೊದಲ ಹತ್ತು ನಿಮಿಷದಲ್ಲೇ ಅದನ್ನು ಹುಡುಕಿದ. ಅವನು ಚೆಂಡು ನೋಡುವುದನ್ನು ಬಿಟ್ಟು ಬಸ್ಯಾನ ಕಾಲುಗಳ ನಡುವಿನಿಂದ ಕೆಳಗೆ ನೋಡುತ್ತಿದ್ದ. ನನಗೆ ತಕ್ಷಣ ತಿಳಿಯಿತು. ಕಳ್ಳನ ಗುರುತು ಕಳ್ಳನಿಗೇ ಮೊದಲು ಸಿಗುವುದಲ್ಲವೇ.

ಆಮೇಲೆ ನಡೆದದ್ದು ಹೊಡೆತ. ಬಸ್ಯಾ ಚೆಂಡು ಎತ್ತುವಷ್ಟರಲ್ಲಿ ಆ ಗಿಡ್ಡ ಅವನ ಎದೆಗೆ ಬಡಿದಿರುತ್ತಿದ್ದ, ಅವನನ್ನು ದಾಟಿ ಇರ್ಫಾನನ ಮೇಲಿರುತ್ತಿದ್ದ. ಐದು ಸಲವೋ ಆರು ಸಲವೋ ಇರ್ಫಾನ್ ನೆಲ ಕಂಡ. ನೋಡುವವರಿಗೆ ಬಸ್ಯಾ ನಿಧಾನಿ ಎಂದು ಕಾಣುತ್ತಿತ್ತು. ಅವನ ಪಕ್ಕದಲ್ಲಿ ನಾನು ಮಾತ್ರ ಮಿಂಚಿನ ಹಾಗೆ ಏಳುತ್ತಿದ್ದೆ. ನೆರಳಿನಲ್ಲಿ ಕುರ್ಚಿ ಹಾಕಿ ಕೂತಿದ್ದ ಆರಿಸುವವರು ಏನೋ ಬರೆದುಕೊಂಡರು.

ಅರ್ಧ ಆಟ ಮುಗಿದಾಗ ಸರ್ ನಮ್ಮನ್ನು ಬೇವಿನ ಮರದ ಕೆಳಗೆ ಕೂಡಿಸಿದರು. ಅವರು ಕೂಗಾಡಲಿಲ್ಲ. ಒಬ್ಬೊಬ್ಬರ ಮುಖ ನೋಡಿದರು.

‘ಅವರಿಗೆ ಹೆಂಗ ಗೊತ್ತಾಗಾಕತ್ತದ?’ ಎಂದು ಕೇಳಿದರು. ‘ಯಾರರೇ ಏನರೇ ನೋಡೀರೇನು? ನೋಡಿದ್ದರ ಈಗ ಹೇಳ್ರಿ.’

ಹಲಗೆ ನಿಂತಿತ್ತು. ಅಷ್ಟು ಹೊತ್ತಿನಲ್ಲಿ ಮೊದಲ ಸಲ ಮೈದಾನ ಸದ್ದಿಲ್ಲದೆ ಇತ್ತು. ನನ್ನ ಕೈಯಲ್ಲಿ ಅರ್ಧ ಹೀರಿದ ಮೋಸಂಬಿ ಇತ್ತು, ಅದನ್ನೇ ನೋಡುತ್ತಾ ಕೂತೆ. ಜೀವನದಲ್ಲಿ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೊಡುತ್ತಿದ್ದ ನಾನು, ಉತ್ತರ ನನಗೊಬ್ಬನಿಗೇ ಗೊತ್ತಿದ್ದ ಪ್ರಶ್ನೆಗೆ ಬಾಯಿ ಬಿಡಲಿಲ್ಲ. ಬಸ್ಯಾ ಕೈಯ ಮಣ್ಣು ಒರೆಸಿಕೊಂಡು ಹೇಳಿದ.

‘ನಂದೇ ತಪ್ಪದರೀ ಸರ್. ನಾನೇ ಲೇಟ್ ಆಗಾಕತ್ತೀನಿ.’

ಕೊನೆಯ ಪಾಳಿಯಲ್ಲಿ ಸರ್ ನಮ್ಮಿಬ್ಬರ ಜಾಗ ಬದಲಿಸಿದರು. ನಾನು ಸೆಂಟರ್, ಬಸ್ಯಾ ನನ್ನ ಬಲಕ್ಕೆ. ಚೆಂಡು ನನ್ನ ಕೈಯಲ್ಲೇ ಇದ್ದ ಮೇಲೆ ನಾನು ಯಾವಾಗ ಕೊಡುತ್ತೇನೋ ಅದೇ ಮುಹೂರ್ತ. ನನ್ನ ಹಿಮ್ಮಡಿ ಏಳುತ್ತಿರಲಿಲ್ಲ. ಎದುರಿನ ಗಿಡ್ಡನಿಗೆ ದಾರಿ ತಪ್ಪಿತು. ನಾವು ಒಂದಿಷ್ಟು ಮುಂದೆ ಹೋದೆವು, ಒಂದು ಸಲ ಗೆರೆ ದಾಟಿಯೂ ಬಂದೆವು. ಮ್ಯಾಚು ಸೋತೆವು ನಿಜ, ಆದರೆ ಆ ಹುಡುಗ ನಡುವೆ ಬಂದ ಮೇಲೆ ಸಾಲೇ ಬದಲಾಯಿತು ಎಂದು ಆರಿಸುವವರು ಸರ್ ಹತ್ತಿರ ಹೇಳಿದ್ದು ನನ್ನ ಕಿವಿಗೇ ಬಿತ್ತು. ಆಗ ಆದ ಸಂತೋಷವನ್ನು ಸುಳ್ಳು ಹೇಳಿ ಮುಚ್ಚುವುದಿಲ್ಲ. ಮೂರು ತಿಂಗಳ ಉರಿ ಒಂದೇ ಸಲ ಆರಿತು. ಬಸ್ಯಾ ಹೆಲ್ಮೆಟ್ಟು ತೆಗೆದು, ಬಂದು, ನನ್ನ ಕೈ ಹಿಡಿದು ಕುಲುಕಿದ. ಅವನ ಮೊಣಕೈಯಿಂದ ರಕ್ತ ಸೋರುತ್ತಿತ್ತು.

ಹತ್ತು ದಿನಕ್ಕೆ ಪತ್ರ ಬಂತು, ನನ್ನ ಹೆಸರಿಗೆ. ಬೆಳಗಾವಿಗೆ ಹೋದೆ. ಅಲ್ಲಿ ಸೆಂಟರ್ ಆಗಲು ನನಗಿಂತ ಬಲವಾದವರು ನಾಲ್ಕು ಮಂದಿ ಇದ್ದರು, ನನ್ನನ್ನು ಮತ್ತೆ ಗಾರ್ಡ್ ಜಾಗಕ್ಕೆ ಹಾಕಿದರು. ಪಕ್ಕದ ಸೆಂಟರಿನ ಹಿಮ್ಮಡಿ ನೋಡಿದೆ. ನೆಲಕ್ಕೆ ಅಂಟಿಸಿಟ್ಟ ಹಾಗಿತ್ತು. ಮೊದಲ ದಿನ ಐದು ಸಲ ಮೊದಲೇ ನುಗ್ಗಿದೆ, ಎರಡನೆಯ ದಿನ ಎಷ್ಟು ಸಲವೋ ಅವರೇ ಎಣಿಸುವುದನ್ನು ಬಿಟ್ಟರು. ಮೂರನೆಯ ದಿನ ಊರಿಗೆ ಹೋಗು ಎಂದರು. ಮನೆಯಲ್ಲಿ, ಕಾಲೇಜಿನಲ್ಲಿ, ಮೊಣಕಾಲು ಉಳುಕಿತು ಎಂದು ಹೇಳಿದೆ. ಒಂದು ವಾರ ಕುಂಟಿದ್ದೂ ಉಂಟು. ಆಯಿ ದಿನಾ ಎಣ್ಣೆ ತಿಕ್ಕಿದಳು.

ಮುಂದಿನ ವರ್ಷ ಮಠಪತಿ ಸರ್‌ಗೆ ವರ್ಗವಾಯಿತು, ಹೆಲ್ಮೆಟ್ಟುಗಳು ಚೀಲದೊಳಗೇ ಉಳಿದವು. ಬಸ್ಯಾನಿಗೆ ಆ ಕೋರ್ಸಿನ ಸೀಟು ಸಿಗಲಿಲ್ಲ. ಡಿಗ್ರಿ ಮುಗಿಸಿ ತೋಟ ನೋಡಿಕೊಳ್ಳತೊಡಗಿದ. ಪ್ರತಿ ವರ್ಷ ಎಳ್ಳಮಾವಾಸ್ಯೆಯ ಮುಂದೆ ಅವನು ಪರಿಚಯದ ಕಂಡಕ್ಟರ್ ಕೈಯಲ್ಲಿ ನಮ್ಮ ಮನೆಗೆ ಎರಡು ಡಜನ್ ಹಣ್ಣು ಕಳಿಸುತ್ತಾನೆ. ಹನ್ನೆರಡು ವರ್ಷದಲ್ಲಿ ಒಂದು ವರ್ಷವೂ ತಪ್ಪಿಲ್ಲ. ಮನೆಯವರೆಲ್ಲ ತಿನ್ನುತ್ತಾರೆ, ಎಂಥ ಗೆಳೆಯ ಎಂದು ಹೊಗಳುತ್ತಾರೆ. ಏನೂ ತಿಳಿಯದ ಸಾಧು ಪ್ರಾಣಿ ಎಂದು ನಾನು ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದೆ. ಹಾಗೆ ಅಂದುಕೊಂಡರೆ ಹಣ್ಣು ಸ್ವಲ್ಪ ಸಲೀಸಾಗಿ ಗಂಟಲಿನಲ್ಲಿ ಇಳಿಯುತ್ತಿತ್ತು.

ಪರೀಕ್ಷೆಯ ಮೂರನೆಯ ದಿನ ಮಧ್ಯಾಹ್ನ ಕೊನೆಗೂ ಅವನ ತೋಟಕ್ಕೆ ಹೋದೆ. ಹಣ್ಣು ಮಾಗಿಸುವ ಕೋಣೆಯ ಮುಂದೆ ಅವನು ಗೊನೆಯಿಂದ ಹಣ್ಣು ಕೊಯ್ದು ಬುಟ್ಟಿಗೆ ಇಡುತ್ತಿದ್ದ. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು, ಮೈ ಹಾಗೇ ಇತ್ತು. ನನ್ನನ್ನು ನೋಡಿ ಕುಣಿದಾಡಲಿಲ್ಲ. ಬಾ ಎಂದು ಗೋಣಿಚೀಲ ಹಾಸಿದ, ನೀರು ಕೊಟ್ಟ. ಅವ್ವ ಒಳಗಿನಿಂದ ಬಂದು, ಸೊರಗಿ ಹೋಗಿದ್ದೀ ಎಂದರು. ಈಗ ನಾನು ತೊಂಬತ್ತೆಂಟು ಕೆಜಿ. ಅವರು ಚಹಾ ಇಡಲು ಒಳಗೆ ಹೋದರು. ಆಗ ನನಗೆ ತಡೆಯಲಾಗಲಿಲ್ಲ.

‘ಬಸ್ಯಾ, ಆ ಮ್ಯಾಚಿನಾಗ ನಿನ್ನ ಬಲ ಹಿಮ್ಮಡಿ ಏಳ್ತಿತ್ತು,’ ಎಂದೆ. ‘ಅದನ್ನ ನೋಡೇ ಅವರು ಬರ್ತಿದ್ದರು. ನನಗ ಮೊದಲೇ ಗೊತ್ತಿತ್ತು.’

ಅವನ ಕೈ ನಿಲ್ಲಲಿಲ್ಲ. ಇನ್ನೂ ಎರಡು ಹಣ್ಣು ಬುಟ್ಟಿಗೆ ಇಟ್ಟ.

‘ಗೊತ್ತದ,’ ಎಂದ. ‘ಪತ್ರ ಬಂದ ಮರುದಿನ ಸರ್ರು ಮೊಬೈಲ್‌ದಾಗ ಮ್ಯಾಚ್ ತೋರಿಸಿದರು. ನನ್ನ ಹಿಮ್ಮಡಿ ಕಂಡಿತು. ಎಲ್ಲಾರ ಹೆಲ್ಮೆಟ್ ಎದುರಿಗಿತ್ತು. ನಿಂದೊಂದೇ ನನ್ನ ಕಾಲಿನ ಕಡೆ ಹೊಳ್ಳಿತ್ತು.’

ಸರ್ ಏನೆಂದರು ಎಂದು ಕೇಳಿದೆ. ಸರ್‌ಗೆ ಹಿಮ್ಮಡಿಯಷ್ಟೇ ಕಂಡಿತು, ತಾನು ಮುಂದೆ ಏನೂ ತೋರಿಸಲಿಲ್ಲ ಎಂದ. ಬೆಳಗಾವಿಗೆ ಹೋಗಲು ನಾನು ಆಗಷ್ಟೇ ಹೊಸ ಬೂಟು ಕೊಂಡಿದ್ದೆ, ಇನ್ನೂ ಹೊರಟಿರಲಿಲ್ಲ. ಅವನು ಒಂದು ಮಾತು ಆಡಿದ್ದರೆ ಆ ಪತ್ರ ಯಾರದಾಗುತ್ತಿತ್ತು ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

‘ಮತ್ತ ಇಷ್ಟು ವರ್ಷ ಯಾಕ ಕೇಳಲಿಲ್ಲಪಾ?’ ಎಂದೆ.

‘ನೀನಾಗೇ ಹೇಳಬೇಕಿತ್ತಲ್ಲ,’ ಎಂದ ಬಸ್ಯಾ. ‘ಕಾಯಾಕತ್ತಿದ್ದೆ.’

ಹನ್ನೆರಡು ವರ್ಷ. ನೊಣ ಮೂಗಿನ ಮೇಲೆ ಕೂತರೂ ಅಲುಗದೆ ಇದ್ದವನು ಹನ್ನೆರಡು ವರ್ಷವೂ ಹಾಗೇ ಇದ್ದ, ಮೇಲಿಂದ ಹಣ್ಣು ಬೇರೆ ಕಳಿಸುತ್ತಿದ್ದ. ನನಗೆ ನಾಚಿಕೆಯಾಯಿತು, ಕಣ್ಣಲ್ಲಿ ನೀರೂ ಬಂತು. ಆದರೆ ಇದ್ದದ್ದನ್ನು ಇದ್ದಂತೆ ಹೇಳುವುದಾದರೆ, ಆ ನಾಚಿಕೆಯ ಅಡಿಯಲ್ಲಿ ಹಳೆಯ ಉರಿ ಇನ್ನೂ ಬೆಚ್ಚಗೇ ಇತ್ತು. ಇದರಲ್ಲೂ ಇವನೇ ಗೆದ್ದನಲ್ಲ ಎಂದು ಅನ್ನಿಸಿಯೇ ಅನ್ನಿಸಿತು.

ಅವ್ವ ಚಹಾ ತಂದರು, ಕುಡಿದೆವು. ಐದು ಗಂಟೆಯ ಬಸ್ಸಿಗೆ ಹೊತ್ತಾಗಿತ್ತು. ಬಸ್ಯಾ ಒಂದು ಚೀಲ ಬಿಡಿಸಿ ನನ್ನ ಎದುರು ಇಟ್ಟ, ಆಯ್ದ ಹಣ್ಣುಗಳ ಬುಟ್ಟಿಯನ್ನು ಹತ್ತಿರ ಎಳೆದುಕೊಂಡ. ಈ ವರ್ಷದ್ದು ಕೈಯಲ್ಲೇ ಒಯ್ಯಿ ಎಂದ. ಒಂದು ದಪ್ಪನೆಯ ಹಣ್ಣು ಎತ್ತಿ ಹಿಡಿದ, ಬಾಯಿ ತೆರೆದ. ಅಷ್ಟರಲ್ಲಿ ನನ್ನ ಎರಡೂ ಕೈ ಮುಂದೆ ಹೋಗಿ ಅವನ ಕೈಯ ಹಣ್ಣನ್ನು ಹಿಡಿದಾಗಿತ್ತು.

ಬಸ್ಯಾ ನನ್ನ ಕೈ ನೋಡಿದ, ಆಮೇಲೆ ನನ್ನ ಮುಖ ನೋಡಿದ.

‘ತಡಿಯೋ ಸೀನ್ಯಾ,’ ಎಂದ. ‘ಇನ್ನಾ ಲಾಭ ಅಂದಿಲ್ಲ.’